ಬಿಆರ್‌ಸಿಎ ಪೇಟೆಂಟುಗಳು: ದಿನಾಂಕ, ಅನುಕ್ರಮ ಮತ್ತು ಕ್ಲೇಮಿನ ವ್ಯಾಪ್ತಿಯನ್ನು ಕುರಿತು ಒಂದು ಟಿಪ್ಪಣಿ

1. ಪ್ರಶ್ನೆಯ ಮಿತಿ

ಆನುವಂಶಿಕ ಸ್ತನ ಕ್ಯಾನ್ಸರ್ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ1, ಬಿಆರ್‌ಸಿಎ2 ವಂಶವಾಹಿಗಳ ಪೇಟೆಂಟುಗಳ ಬಗ್ಗೆ ಬರೆದವರಲ್ಲಿ ಬಹುಪಾಲು ಜನ ‘ಜೀನ್‌ಗೇ ಪೇಟೆಂಟ್ ಪಡೆದರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನೀತಿಯ ಚರ್ಚೆಗೆ ಅದು ಸಾಲಬಹುದು. ದಾಖಲೆಗಳನ್ನು ಓದುವಾಗ ಸಾಲದು. ಯಾವ ಕ್ಲೇಮು, ಯಾವ ದಿನಾಂಕದ ಬಲದಿಂದ, ಯಾವ ಅನುಕ್ರಮದ ಮೇಲೆ ನಿಂತಿತ್ತು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

2. ಮೊದಲ ಪೇಟೆಂಟು

ಮೇರಿ-ಕ್ಲೇರ್ ಕಿಂಗ್ ಅವರ ತಂಡ ಈ ವಂಶವಾಹಿಯ ನೆಲೆಯನ್ನು 17ನೆಯ ಕ್ರೋಮೋಸೋಮಿನಲ್ಲಿ ಗುರುತಿಸಿದ್ದು 1990ರಲ್ಲಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯ ಮತ್ತು ಮಿರಿಯಡ್ ಜೆನೆಟಿಕ್ಸ್ ಸಂಸ್ಥೆಯ ತಂಡದ ಮೊದಲ ಅರ್ಜಿಯ ದಿನಾಂಕ 1994ರ ಆಗಸ್ಟ್ 12. ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಲೇಖನ ಬಂದದ್ದು 1994ರ ಅಕ್ಟೋಬರ್ 7ರಂದು. ಆದರೆ ಬಿಆರ್‌ಸಿಎ1 ಕುರಿತ ಮೊದಲ ಅಮೆರಿಕನ್ ಪೇಟೆಂಟು ದೊರೆತದ್ದು ಮಿರಿಯಡ್‌ಗಲ್ಲ. ಅದು 1997ರ ಆಗಸ್ಟ್ 5ರಂದು ಆಂಕರ್‌ಮೆಡ್ ಸಂಸ್ಥೆಗೆ ಸಂದಿತು (ಸಂಖ್ಯೆ 5,654,155). ಮಿರಿಯಡ್‌ನ 5,693,473 ಅದೇ ವರ್ಷ ಡಿಸೆಂಬರ್ 2ರದ್ದು. ಮುಂದೆ ವಿವಾದದ ಕೇಂದ್ರವಾದ 5,747,282 ಬಂದದ್ದು 1998ರ ಮೇ 5ರಂದು. ಅದೇ ತಿಂಗಳು ಎರಡು ಸಂಸ್ಥೆಗಳ ನಡುವೆ ರಾಜಿಯಾಗಿ ಆಂಕರ್‌ಮೆಡ್‌ನ ಹಕ್ಕುಗಳೂ ಮಿರಿಯಡ್ ಕೈಸೇರಿದವು. ಏಕಸ್ವಾಮ್ಯ ಆವಿಷ್ಕಾರದೊಂದಿಗೇ ಹುಟ್ಟಿತು ಎಂಬ ಸಾಮಾನ್ಯ ನಿರೂಪಣೆಗೆ ಈ ಕಾಲಾನುಕ್ರಮ ಪೂರ್ತಿ ಹೊಂದುವುದಿಲ್ಲ.

3. ಯುರೋಪು: ತಪ್ಪಾದ ಅನುಕ್ರಮ

1994ರ ಆಗಸ್ಟಿನ ಅರ್ಜಿಯಲ್ಲಿ ಕೊಟ್ಟಿದ್ದ ಬಿಆರ್‌ಸಿಎ1 ಅನುಕ್ರಮದಲ್ಲಿ ದೋಷಗಳಿದ್ದವು. ಸರಿಯಾದ ಅನುಕ್ರಮ ಅರ್ಜಿಯಾಗಿ ಸೇರಿದ್ದು 1995ರ ಮಾರ್ಚ್ 24ರಂದು. ಅಷ್ಟರಲ್ಲಿ ಅದು ಸಾರ್ವಜನಿಕವಾಗಿ ಲಭ್ಯವಿತ್ತು. ಲೇಖಕರು ತಾವೇ ಪ್ರಕಟಿಸಿದ್ದನ್ನು ಒಂದು ವರ್ಷದೊಳಗೆ ಪೇಟೆಂಟಿಗೆ ಸಲ್ಲಿಸಲು ಅಂದಿನ ಅಮೆರಿಕನ್ ಕಾನೂನು ಅವಕಾಶ ಕೊಡುತ್ತಿತ್ತು. ಯುರೋಪಿನ ಪೇಟೆಂಟ್ ಒಪ್ಪಂದದಲ್ಲಿ ಅಂಥ ಸಾಮಾನ್ಯ ರಿಯಾಯಿತಿ ಇಲ್ಲ. ಹೀಗಾಗಿ ಒಂದೇ ಪ್ರಕಟಣೆ ಒಂದು ಕಡೆ ನಿರುಪದ್ರವಿ, ಇನ್ನೊಂದು ಕಡೆ ಮಾರಕ.

2001ರ ಜನವರಿಯಲ್ಲಿ ದೊರೆತಿದ್ದ ಇಪಿ 699754ನ್ನು ಪ್ಯಾರಿಸ್‌ನ ಕ್ಯೂರಿ ಸಂಸ್ಥೆ ಮುಂತಾದವರ ಆಕ್ಷೇಪಣೆಯ ಮೇಲೆ ಯುರೋಪಿಯನ್ ಪೇಟೆಂಟ್ ಕಚೇರಿ 2004ರ ಮೇ ತಿಂಗಳಲ್ಲಿ ರದ್ದುಮಾಡಿತು. ಹಲವು ಲೇಖನಗಳು ಇಲ್ಲಿಗೇ ನಿಲ್ಲುತ್ತವೆ. ಇದು ಸಣ್ಣ ಲೋಪವಲ್ಲ. 2008ರ ನವೆಂಬರ್ 19ರಂದು ಮೇಲ್ಮನವಿ ಮಂಡಳಿ (ಟಿ 80/05) ಆ ರದ್ದತಿಯನ್ನು ತೆಗೆದುಹಾಕಿ, ಓದುಚೌಕಟ್ಟನ್ನು ಪಲ್ಲಟಗೊಳಿಸುವ ಮ್ಯುಟೇಶನ್‌ಗಳ ಪತ್ತೆಗೆ ಸೀಮಿತಗೊಳಿಸಿ ಪೇಟೆಂಟನ್ನು ಉಳಿಸಿತು. ‘ಯುರೋಪು ಬಿಆರ್‌ಸಿಎ ಪೇಟೆಂಟನ್ನು ತಿರಸ್ಕರಿಸಿತು’ ಎಂಬ ವಾಕ್ಯ, ಆದ್ದರಿಂದ, 2004ರಿಂದ 2008ರವರೆಗೆ ಮಾತ್ರ ಸರಿ; ಅದೂ ಈ ಒಂದು ಪೇಟೆಂಟಿನ ಮಟ್ಟಿಗೆ.

4. ಹದಿನೈದು ನ್ಯೂಕ್ಲಿಯೋಟೈಡ್‌ಗಳು

5,747,282ರ 1ನೆಯ ಕ್ಲೇಮು ಬಿಆರ್‌ಸಿಎ1 ಪ್ರೋಟೀನಿಗೆ ಸಂಕೇತ ಕೊಡುವ, ಪ್ರತ್ಯೇಕಿಸಿದ ಡಿಎನ್‌ಎಯನ್ನು ಕುರಿತದ್ದು. 5ನೆಯದು ಅದರ ಕನಿಷ್ಠ 15 ನ್ಯೂಕ್ಲಿಯೋಟೈಡ್‌ಗಳಿರುವ ಯಾವುದೇ ತುಣುಕನ್ನು ಒಳಗೊಳ್ಳುತ್ತದೆ. ಇದರ ವ್ಯಾಪ್ತಿಯನ್ನು ಸ್ಥೂಲವಾಗಿ ಲೆಕ್ಕಹಾಕಬಹುದು. ಪ್ರೋಟೀನಿನ 1,863 ಅಮೈನೋ ಆಮ್ಲಗಳು ಮತ್ತು ಕೊನೆಯ ನಿಲುಗಡೆ ಸಂಕೇತ ಸೇರಿ ಸಂಕೇತಭಾಗದ ಉದ್ದ 5,592 ನ್ಯೂಕ್ಲಿಯೋಟೈಡ್ (ಅಕ್ಷರ). ಅದರಲ್ಲಿ 15ರ ತುಣುಕುಗಳು 5,578. ನಾಲ್ಕು ಅಕ್ಷರಗಳಿಂದ ಆಗಬಹುದಾದ 15ರ ಜೋಡಣೆಗಳು 1,07,37,41,824. ಸುಮಾರು 300 ಕೋಟಿ ಅಕ್ಷರಗಳ ಮಾನವ ಜೀನೋಮಿನ ಒಂದೇ ಎಳೆಯಲ್ಲಿ, ಕೇವಲ ಆಕಸ್ಮಿಕವಾಗಿ, ಇಂಥ ತುಣುಕುಗಳು 15,600ರಷ್ಟು ಕಡೆ ಸಿಗಬೇಕು. ಜೀನೋಮಿನ ಅಕ್ಷರಗಳು ಯಾದೃಚ್ಛಿಕವಲ್ಲವಾದ್ದರಿಂದ ಇದು ಅಂದಾಜು ಮಾತ್ರ. ಒಂದೇ ಪ್ರೋಟೀನಿಗೆ ಬೇರೆ ಬೇರೆ ಕೋಡಾನ್‌ಗಳು ಸಾಧ್ಯವಿರುವುದನ್ನು ಸೇರಿಸಿದರೆ ಸಂಖ್ಯೆ ಇನ್ನೂ ಬಹಳ ಏರುತ್ತದೆ. ಅಂದರೆ ಈ ಕ್ಲೇಮು, ಪದಶಃ ಓದಿದರೆ, ಬಿಆರ್‌ಸಿಎ1ರ ಗಡಿಯೊಳಗೆ ನಿಲ್ಲುತ್ತಿರಲಿಲ್ಲ.

ಈ ಪೇಟೆಂಟುಗಳ ವಿರುದ್ಧ 2009ರ ಮೇ ತಿಂಗಳಲ್ಲಿ ಆರಂಭವಾದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2013ರ ಜೂನ್ 13ರಂದು, ಪ್ರಕೃತಿಯಲ್ಲಿರುವ ಡಿಎನ್‌ಎ ತುಂಡನ್ನು ಪ್ರತ್ಯೇಕಿಸಿದ ಮಾತ್ರಕ್ಕೆ ಪೇಟೆಂಟು ಸಲ್ಲದು, ಇಂಟ್ರಾನ್‌ಗಳನ್ನು (ಸಂಕೇತ ಕೊಡದ ನಡುವಿನ ಭಾಗಗಳನ್ನು) ಬಿಟ್ಟು ಪ್ರಯೋಗಾಲಯದಲ್ಲಿ ತಯಾರಿಸಿದ ಸಿಡಿಎನ್‌ಎಗೆ ಸಲ್ಲಬಹುದು ಎಂದಿತು. ನಡುವೆ ತೆಗೆಯಲು ಇಂಟ್ರಾನ್‌ಗಳೇ ಇಲ್ಲದಷ್ಟು ಚಿಕ್ಕ ಸಿಡಿಎನ್‌ಎ ತುಣುಕು ನೈಸರ್ಗಿಕ ಡಿಎನ್‌ಎಯಿಂದ ಭಿನ್ನವಾಗಿರಲಾರದೆಂಬ ವಿನಾಯಿತಿಯೂ ತೀರ್ಪಿನಲ್ಲಿದೆ. ಅದನ್ನು ಹೆಚ್ಚಿನ ಸಾರಾಂಶಗಳು ಬಿಟ್ಟಿವೆ. ಬಿಆರ್‌ಸಿಎ1ರಲ್ಲಿ ಆ ವಿನಾಯಿತಿ ಚಿಕ್ಕದಲ್ಲ: 11ನೆಯ ಎಕ್ಸಾನ್ ಒಂದೇ 3,426 ಅಕ್ಷರಗಳಷ್ಟು ಉದ್ದ, ಮೇಲಿನ 5,578 ತುಣುಕುಗಳಲ್ಲಿ 3,412, ಅಂದರೆ ಶೇ. 61ರಷ್ಟು, ಅದರೊಳಗೇ ಬೀಳುತ್ತವೆ.

5. ಒಂದು ಮ್ಯುಟೇಶನ್, ಮೂರು ಸಂಖ್ಯೆ. ಮತ್ತು ದಕ್ಷಿಣ ಭಾರತ

ದಾಖಲೆಗಳನ್ನು ಹೋಲಿಸುವವರು ಗಮನಿಸಬೇಕಾದ ಸಂಗತಿ: ಬಿಆರ್‌ಸಿಎ1ರ 185ಡೆಲ್‌ಎಜಿ, 187ಡೆಲ್‌ಎಜಿ, ಸಿ.68_69ಡೆಲ್‌ಎಜಿ ಮೂರೂ ಒಂದೇ. ಹಳೆಯ ಕ್ರಮ ಎಣಿಕೆಯನ್ನು ಆರಂಭ ಕೋಡಾನಿಗಿಂತ 119 ಅಕ್ಷರ ಹಿಂದಿನಿಂದ ಶುರುಮಾಡುತ್ತದೆ. ಆ ಸ್ಥಳದಲ್ಲಿ ‘ಎಜಿ’ ಎರಡು ಸಲ ಬರುವುದರಿಂದ ಯಾವುದು ಬಿಟ್ಟುಹೋಯಿತೆಂದು ಹೇಳಲಾಗದು. ಎಡದ್ದನ್ನು ಹಿಡಿದರೆ 185, ಬಲದ್ದನ್ನು ಹಿಡಿದರೆ 187. ಪ್ರೋಟೀನ್ 39ನೆಯ ಸ್ಥಾನದಲ್ಲಿ ಮೊಟಕಾಗುವುದು ಎರಡರಲ್ಲೂ ಸಮಾನ.

ಇದನ್ನು ಬಹುಕಾಲ ಅಶ್ಕೆನಾಜಿ ಯಹೂದಿಗಳ ಮ್ಯುಟೇಶನ್ ಎಂದೇ ಪರಿಗಣಿಸಲಾಗಿತ್ತು. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮತ್ತು ಸಹೋದ್ಯೋಗಿಗಳು ‘ಜರ್ನಲ್ ಆಫ್ ಬಯೋಸೈನ್ಸಸ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೌಟುಂಬಿಕ ಇತಿಹಾಸವಿದ್ದ ದಕ್ಷಿಣ ಭಾರತದ 61 ರೋಗಿಗಳ ಪೈಕಿ 10 ಮಂದಿಯಲ್ಲಿ (ಶೇ. 16.4) ಇದು ಕಂಡುಬಂತು. ಆಯ್ದ ಕುಟುಂಬಗಳ ಈ ಪ್ರಮಾಣವನ್ನು ಜನಸಾಮಾನ್ಯರಲ್ಲಿನ ಪ್ರಮಾಣವೆಂದು ಓದಬಾರದು. ಭಾರತೀಯ ಕುಟುಂಬವೊಂದನ್ನು ಕುರಿತ 2007ರ ವರದಿ ಇಲ್ಲಿನ ಮ್ಯುಟೇಶನ್ ಸ್ವತಂತ್ರವಾಗಿ ಹುಟ್ಟಿರಬಹುದೆಂದು ಸೂಚಿಸಿದೆ.

ಪೇಟೆಂಟಿನ ದೃಷ್ಟಿಯಿಂದ ಇದು ಮುಖ್ಯವಾಗುವುದು ಬಿಆರ್‌ಸಿಎ2 ಕುರಿತ ಇಪಿ 785216ರ ಪಕ್ಕದಲ್ಲಿಟ್ಟಾಗ. 2005ರ ಜೂನ್‌ನಲ್ಲಿ ತಿದ್ದುಪಡಿಯೊಂದಿಗೆ ಉಳಿದ ಅದರ ಕ್ಲೇಮು 6174ಡೆಲ್‌ಟಿ ಎಂಬ ಮ್ಯುಟೇಶನ್ನಿನ ಪತ್ತೆಯನ್ನು ‘ಅಶ್ಕೆನಾಜಿ ಯಹೂದಿ ಮಹಿಳೆಯರಲ್ಲಿ’ ಎಂದು ಸೀಮಿತಗೊಳಿಸಿತು. ಪರೀಕ್ಷೆಯ ರಾಸಾಯನಿಕ ಕ್ರಮ ಯಾರಿಗಾದರೂ ಒಂದೇ. ಪರವಾನಗಿ ಬೇಕೇ ಬೇಡವೇ ಎಂಬುದು ಮಾತ್ರ ಮಹಿಳೆಯ ಜನಾಂಗವನ್ನು ಕೇಳಿ ತಿಳಿಯಬೇಕಾದ ವಿಷಯವಾಯಿತು. ಯುರೋಪಿನ ತಳಿವಿಜ್ಞಾನಿಗಳು ಆಗಲೇ ಇದನ್ನು ವಿರೋಧಿಸಿದರು, ಮತ್ತು ಆ ವಿರೋಧ ನ್ಯಾಯವಾದದ್ದೆಂದೇ ತೋರುತ್ತದೆ. 6174ಡೆಲ್‌ಟಿ ಮತ್ತು 185ಡೆಲ್‌ಎಜಿ ಬೇರೆ ಬೇರೆ. ಒಂದರ ಹಂಚಿಕೆಯಿಂದ ಇನ್ನೊಂದರದನ್ನು ಊಹಿಸುವಂತಿಲ್ಲ. ಆದರೂ ಜನಾಂಗದ ಹೆಸರಿನಿಂದ ಕ್ಲೇಮಿನ ಗಡಿ ಹಾಕುವುದು ತಳಿವಿಜ್ಞಾನದ ದೃಷ್ಟಿಯಿಂದ ಎಷ್ಟು ಅಸ್ಥಿರವೆಂಬುದಕ್ಕೆ ಬೆಂಗಳೂರಿನ ಆ 10 ಪ್ರಕರಣಗಳನ್ನು ಒಂದು ಸೀಮಿತ ಸಾಕ್ಷ್ಯವಾಗಿ ಪರಿಗಣಿಸಬಹುದು.