ಕಟ್ಟಿ ಕಲಿಯುವ ರಚನಾ ಎಂಜಿನಿಯರಿಂಗ್

ಸೇತುವೆ, ತೊಲೆ, ಕಮಾನು, ಗುಮ್ಮಟ, ಚಾವಣಿ ಮೊದಲಾದ ಭಾರ ಹೊರುವ ರಚನೆಗಳನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ಕೈಯಾರೆ ಕಟ್ಟಿ, ಭಾರ ಹೇರಿ ಪರೀಕ್ಷಿಸುತ್ತ ಕಲಿಯುವ ಶಿಕ್ಷಣ ವಿಧಾನ. ಐಸ್‌ಕ್ರೀಮ್ ಕಡ್ಡಿಯ ಮಾದರಿ ಸೇತುವೆಯಿಂದ ಹಿಡಿದು ಜನ ವಾಸಿಸುವ ಮನೆಯವರೆಗೆ ಇದರ ವ್ಯಾಪ್ತಿಯಿದೆ. ವರ್ಕ್‌ಶಾಪಿನ ಕೈಕೆಲಸದಿಂದ ಇದನ್ನು ಬೇರ್ಪಡಿಸುವುದು ಮುನ್ನಂದಾಜು. ರಚನೆ ಎಷ್ಟು ಭಾರಕ್ಕೆ, ಯಾವ ಜಾಗದಲ್ಲಿ ಸೋಲುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಬರೆದಿಡದಿದ್ದರೆ, ಎಷ್ಟೇ ಅಂದವಾಗಿ ಕಟ್ಟಿದರೂ ಅದು ರಚನಾ ಎಂಜಿನಿಯರಿಂಗಿನ ಪಾಠವಾಗದು.

ಹಿನ್ನೆಲೆ

ಕಟ್ಟಡ ವಿದ್ಯೆ ಶತಮಾನಗಳ ಕಾಲ ಮೇಸ್ತ್ರಿಯಿಂದ ಶಿಷ್ಯನಿಗೆ ಕೆಲಸದ ಜಾಗದಲ್ಲೇ ದಾಟುತ್ತಿತ್ತು. 1794ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಎಕೋಲ್ ಪಾಲಿಟೆಕ್ನಿಕ್ ಗಣಿತವನ್ನು ಎಂಜಿನಿಯರಿಂಗಿನ ಬುನಾದಿಯಾಗಿಸಿತು. ಅದರಿಂದ ಲಾಭ ದೊಡ್ಡದೇ ಆಯಿತು, ಜೊತೆಗೆ ಲೆಕ್ಕಕ್ಕೂ ಕೈಗೂ ನಡುವೆ ಅಂತರವೂ ಬೆಳೆಯಿತು. ಅದನ್ನು ತುಂಬುವ ಒಂದು ಪ್ರಯತ್ನವೇ ಕಾಲೇಜಿನ ಪ್ರಯೋಗಾಲಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಲೆಕ್ಸಾಂಡರ್ ಕೆನಡಿ 1878ರಲ್ಲಿ ತೆರೆದ ಎಂಜಿನಿಯರಿಂಗ್ ಪ್ರಯೋಗಾಲಯ ಈ ದಾರಿಯ ಮುಖ್ಯ ಮೈಲಿಗಲ್ಲು.

ಭಾರತದಲ್ಲಿ ರೂರ್ಕಿಯ ಎಂಜಿನಿಯರಿಂಗ್ ಕಾಲೇಜು (1847) ಹುಟ್ಟಿದ್ದೇ ಗಂಗಾ ಕಾಲುವೆಯ ಕಾಮಗಾರಿಯ ಮಗ್ಗುಲಲ್ಲಿ. ಸೋಲಾನಿ ನದಿಯ ಮೇಲೆ ತಲಾ 50 ಅಡಿಯ 15 ಕಮಾನುಗಳ ಮೇಲ್ಗಾಲುವೆ ಆ ಊರಿನಲ್ಲೇ ಏಳುತ್ತಿತ್ತು. 1854ರಲ್ಲಿ ಕಾಲುವೆಗೆ ನೀರು ಬಿಟ್ಟರು.

ಬ್ಲ್ಯಾಕ್ ಮೌಂಟನ್ನಿನ ಗುಮ್ಮಟ

ಈ ವಿಧಾನದ ಚರಿತ್ರೆಯಲ್ಲಿ ಅತಿ ಹೆಚ್ಚು ಕಲಿಸಿದ ರಚನೆ ಬಹುಶಃ ಮೇಲೇಳದೇ ಹೋದ ಒಂದು ಗುಮ್ಮಟ. ಅಮೆರಿಕದ ಉತ್ತರ ಕ್ಯಾರೊಲೈನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನ 1948ರ ಬೇಸಿಗೆ ಶಿಬಿರಕ್ಕೆ ಪಾಠ ಹೇಳಲು ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರ್ ಬಂದಿದ್ದರು. ಕಿಟಕಿಯ ವೆನೀಷಿಯನ್ ಪರದೆಗೆ ಬಳಸುವ ತೆಳು ಲೋಹದ ಪಟ್ಟಿಗಳಿಂದ ಸುಮಾರು 48 ಅಡಿ ವ್ಯಾಸದ ಗುಮ್ಮಟ ಕಟ್ಟಲು ವಿದ್ಯಾರ್ಥಿಗಳು ಅವರೊಡನೆ ಕೈಜೋಡಿಸಿದರು. ಪಟ್ಟಿಗಳನ್ನು ಜೋಡಿಸಿದ್ದಾಯಿತು, ಗುಮ್ಮಟ ಮಾತ್ರ ನಿಲ್ಲಲಿಲ್ಲ; ಪಟ್ಟಿಗಳ ಬಿಗುವು ಆ ಗಾತ್ರಕ್ಕೆ ಸಾಲಲಿಲ್ಲ. ಸೋಲನ್ನು ಮೊದಲೇ ನಿರೀಕ್ಷಿಸಿದ್ದೆ ಎಂಬರ್ಥದಲ್ಲಿ ಫುಲ್ಲರ್ ಮುಂದೆ ಮಾತಾಡಿದ್ದುಂಟು. ಅದನ್ನು ಪೂರ್ತಿ ಒಪ್ಪುವುದು ಕಷ್ಟ. ಮರುವರ್ಷ ಅವರು ಹೆಚ್ಚು ಗಟ್ಟಿಯಾದ, ಚಿಕ್ಕ ಗುಮ್ಮಟವನ್ನು ಅಲ್ಲೇ ನಿಲ್ಲಿಸಿದರು.

1948ರ ಆ ಬೇಸಿಗೆಯ ವಿದ್ಯಾರ್ಥಿಗಳಲ್ಲಿ ಕಲೆ ಓದಲು ಬಂದಿದ್ದ ಕೆನೆತ್ ಸ್ನೆಲ್ಸನ್ ಒಬ್ಬರು. ಶಿಬಿರ ಮುಗಿದ ಮೇಲೆ ಅವರು ತಾವೇ ಸಣ್ಣ ಮಾದರಿಗಳನ್ನು ಕಟ್ಟುತ್ತ ಹೋಗಿ, ಒತ್ತಡ ಹೊರುವ ತುಂಡುಗಳು ಒಂದಕ್ಕೊಂದು ತಾಗದೆ ದಾರಗಳ ಎಳೆತದಲ್ಲೇ ತೂಗಿ ನಿಲ್ಲುವ ರಚನೆಯನ್ನು ಕಂಡುಕೊಂಡರು. ಫುಲ್ಲರ್ ಇದಕ್ಕೆ ಟೆನ್ಸೆಗ್ರಿಟಿ ಎಂದು ಹೆಸರಿಟ್ಟರು. ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಿವಾದ ಬಹುಕಾಲ ನಡೆಯಿತು. ಮಾದರಿ ಕಟ್ಟಿದ ಕೈ ವಿದ್ಯಾರ್ಥಿಯದು ಎಂಬುದನ್ನಂತೂ ಮರೆಯಬಾರದು.

ಮಾದರಿ ಕಲಿಸುವುದೇನು

ಮಾದರಿ ಸೇತುವೆಯ ಮೊದಲ ಪಾಠ ಬಕ್ಲಿಂಗ್. ಎಳೆತಕ್ಕೆ ಸಿಕ್ಕ ಕಡ್ಡಿ ವಸ್ತುವಿನ ಬಲ ಮುಗಿದಾಗ ಹರಿಯುತ್ತದೆ. ಒತ್ತಡಕ್ಕೆ ಸಿಕ್ಕ ಉದ್ದ ಕಡ್ಡಿ ಅದಕ್ಕಿಂತ ಬಹಳ ಮೊದಲೇ ಪಕ್ಕಕ್ಕೆ ಬಾಗಿ ಸೋಲುತ್ತದೆ; ಇದೇ ಬಕ್ಲಿಂಗ್. 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಕೊಟ್ಟ ಸೂತ್ರದಂತೆ ಕಡ್ಡಿಯ ಉದ್ದ ಅರ್ಧವಾದರೆ ಅದು ತಾಳುವ ಭಾರ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಒತ್ತಡದ ಕಡ್ಡಿಯ ನಡುವಿಗೆ ಪಕ್ಕದಿಂದ ಆಧಾರ ಕೊಡುವ ಒಂದು ಪುಟ್ಟ ತುಂಡು, ತಾನು ಹೆಚ್ಚು ಭಾರ ಹೊರದೆಯೂ ಸೇತುವೆಯನ್ನು ಉಳಿಸುತ್ತದೆ.

10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಕಡ್ಡಿಯನ್ನು ತೆಗೆದುಕೊಳ್ಳಿ. ಚಪ್ಪಟೆ ದಿಕ್ಕಿಗಿಂತ ಅಗಲದ ದಿಕ್ಕಿನಲ್ಲಿ ಇದರ ಬಾಗುವಿಕೆಯ ಬಿಗುವು 25 ಪಟ್ಟು. ಆದ್ದರಿಂದ ಇದು ಯಾವಾಗಲೂ ಚಪ್ಪಟೆ ದಿಕ್ಕಿಗೇ ಬಾಗುತ್ತದೆ. ಎರಡು ಕಡ್ಡಿಗಳನ್ನು ಒಂದರ ಮೇಲೊಂದು ಅಂಟಿಸಿದರೆ ಚಪ್ಪಟೆ ದಿಕ್ಕಿನ ಬಿಗುವು 8 ಪಟ್ಟಾಗುತ್ತದೆ. ಅವನ್ನೇ ನಡುನಡುವೆ ತುಂಡುಗಳನ್ನಿಟ್ಟು 6 ಮಿಲಿಮೀಟರ್ ಅಂತರದಲ್ಲಿ ಭದ್ರವಾಗಿ ಜೋಡಿಸಿದರೆ ಸುಮಾರು 98 ಪಟ್ಟಾಗುತ್ತದೆ. ಆದರೆ ಲಾಭ ಪೂರ್ತಿ ದಕ್ಕುವುದಿಲ್ಲ. ಈಗ ದುರ್ಬಲ ದಿಕ್ಕು ಬದಲಾಗಿ, ಜೋಡಿ ಅಗಲದ ಕಡೆಗೆ ಬಾಗುತ್ತದೆ. ನಿಜವಾದ ಗಳಿಕೆ ಸುಮಾರು 50 ಪಟ್ಟು. ಒಂದು ಕಡೆ ಬಲಪಡಿಸಿದಾಗ ಸೋಲು ಬೇರೆ ಕಡೆಗೆ ಸರಿಯುತ್ತದೆ ಎಂಬುದನ್ನು ವಿದ್ಯಾರ್ಥಿ ಇಲ್ಲಿ ಕಣ್ಣಾರೆ ಕಾಣುತ್ತಾನೆ.

ಮಾದರಿಯ ಮಿತಿಯನ್ನೂ ಅದರೊಂದಿಗೇ ಕಲಿಸಬೇಕು. ಗೆಲಿಲಿಯೊ 1638ರಲ್ಲೇ ತೋರಿಸಿದಂತೆ, ಎಲ್ಲ ಅಳತೆಗಳನ್ನೂ ಹತ್ತು ಪಟ್ಟು ಮಾಡಿದರೆ ಸ್ವಂತ ತೂಕ ಸಾವಿರ ಪಟ್ಟಾಗುತ್ತದೆ, ಅದನ್ನು ಹೊರುವ ಅಡ್ಡಕೊಯ್ತದ ವಿಸ್ತೀರ್ಣ ನೂರೇ ಪಟ್ಟು. ಮೇಜಿನ ಮೇಲೆ ನಿಂತ ಸೇತುವೆ ಅದೇ ಆಕಾರದಲ್ಲಿ ಹೊಳೆಯ ಮೇಲೂ ನಿಂತೀತೆಂದು ಹೇಳಲಾಗದು.

ಸ್ಪರ್ಧೆಗಳು

ಕೆನಡಾದ ಒಕನಾಗನ್ ಕಾಲೇಜಿನ ಸ್ಪಗೆಟಿ ಸೇತುವೆ ಸ್ಪರ್ಧೆ 1980ರ ದಶಕದಿಂದ ನಡೆದುಬಂದಿದೆ. 2009ರಲ್ಲಿ ಹಂಗೆರಿಯ ವಿದ್ಯಾರ್ಥಿಗಳ ಸೇತುವೆಯೊಂದು, ಒಂದು ಕಿಲೋ ತೂಕವೂ ಇಲ್ಲದೆ, 443 ಕಿಲೋಗೂ ಹೆಚ್ಚು ಭಾರ ಹೊತ್ತಿತು. ಅಮೆರಿಕದ ವಿದ್ಯಾರ್ಥಿ ಉಕ್ಕಿನ ಸೇತುವೆ ಸ್ಪರ್ಧೆಯಲ್ಲಿ ಸುಮಾರು 20 ಅಡಿಯ ಸೇತುವೆಯನ್ನು ಸಮಯದೊಡನೆ ಪೈಪೋಟಿಯಲ್ಲಿ ಬಿಡಿಭಾಗಗಳಿಂದ ಜೋಡಿಸಿ 2500 ಪೌಂಡ್ ಭಾರ ಹೇರುತ್ತಾರೆ; ತೂಕ, ಬಾಗು, ಜೋಡಿಸಿದ ಸಮಯ ಮೂರೂ ಅಂಕಕ್ಕೆ ಸೇರುತ್ತವೆ. ಎಷ್ಟು ಭಾರ ಹೊತ್ತಿತು ಎಂಬುದನ್ನಷ್ಟೇ ನೋಡುವ ಸ್ಪರ್ಧೆಗಿಂತ ಇದು ವೃತ್ತಿಗೆ ಹತ್ತಿರವಾದದ್ದು. ಕಾಂಕ್ರೀಟ್ ದೋಣಿ ಸ್ಪರ್ಧೆಯಲ್ಲಿ ಒತ್ತು ವಸ್ತುವಿನ ಮೇಲೆ: ನೀರು ತುಂಬಿದರೂ ದೋಣಿ ತೇಲಬೇಕು.

ಕರ್ನಾಟಕ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳ್ತನದಲ್ಲಿ ಆರಂಭವಾದ ಅಸ್ತ್ರ ಕೇಂದ್ರ, ಕೆ.ಎಸ್. ಜಗದೀಶ್ ಮೊದಲಾದವರ ದುಡಿಮೆಯಿಂದ ಒತ್ತಿದ ಮಣ್ಣಿನ ಇಟ್ಟಿಗೆಯ ಕಟ್ಟಡಗಳನ್ನು ಸಂಶೋಧನೆಯ ವಿಷಯವಾಗಿಸಿತು. ಸಿವಿಲ್ ವಿದ್ಯಾರ್ಥಿಗಳ ಸರ್ವೆ ಕ್ಯಾಂಪ್ ರಾಜ್ಯದಲ್ಲಿ ಗಟ್ಟಿಯಾಗಿ ಬೇರೂರಿದ ಸಂಪ್ರದಾಯ. ಕೆರೆ, ರಸ್ತೆ, ನೀರು ಸರಬರಾಜಿನ ಯೋಜನೆಗಳಿಗಾಗಿ ಅವರು ನೆಲವನ್ನು ಅಳೆದು ಕಲಿಯುತ್ತಾರೆ. ರಚನೆಯನ್ನು ಕಟ್ಟಿ, ಮುರಿದು ಕಲಿಯುವುದಕ್ಕೂ ಅದೇ ಮಹತ್ವ ಸಿಗಬೇಕಾಗಿದೆ.

ಸುರಕ್ಷತೆ

1999ರ ನವೆಂಬರ್ 18ರಂದು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ, ಸಾಂಪ್ರದಾಯಿಕ ದೊಡ್ಡಬೆಂಕಿಯ ಉತ್ಸವಕ್ಕಾಗಿ ವಿದ್ಯಾರ್ಥಿಗಳು ಪೇರಿಸುತ್ತಿದ್ದ ಮರದ ದಿಮ್ಮಿಗಳ ಬೃಹತ್ ರಾಶಿ ಕುಸಿದು 12 ಮಂದಿ ಸತ್ತರು. ಅದು ಪಠ್ಯದ ಭಾಗವಾಗಿರಲಿಲ್ಲ. ಆದರೂ ವಿದ್ಯಾರ್ಥಿಗಳು ದೊಡ್ಡದನ್ನು ಕಟ್ಟುವ ಕಡೆಯೆಲ್ಲ ಅದರ ತನಿಖಾ ವರದಿಯನ್ನು ಓದಬೇಕು. ದಿಮ್ಮಿಗಳನ್ನು ಹಿಡಿದಿಡುವ ಕಟ್ಟು ಸಾಲದಾಗಿತ್ತು, ಅದರ ಹಿಂದೆ ಸಂಸ್ಥೆಯ ಮೇಲ್ವಿಚಾರಣೆಯ ವೈಫಲ್ಯವಿತ್ತು ಎಂದು ತನಿಖಾ ಆಯೋಗ ತೀರ್ಮಾನಿಸಿತು. ಮನುಷ್ಯರು ಹತ್ತುವ, ಅಥವಾ ಅಡಿಯಲ್ಲಿ ನಿಲ್ಲುವ ಯಾವ ವಿದ್ಯಾರ್ಥಿ ರಚನೆಗೂ ಅರ್ಹ ಎಂಜಿನಿಯರೊಬ್ಬರು ಲೆಕ್ಕ ನೋಡಿ ಸಹಿ ಹಾಕಿರಲೇಬೇಕು.