ನಕ್ಷೆ ತಂತ್ರಾಂಶದ ಮೊದಲ ಪರದೆ: ಹೊಸಬರು ಬಾಗಿಲಲ್ಲೇ ಏಕೆ ನಿಲ್ಲುತ್ತಾರೆ?

ನಿಮ್ಮೂರಿನ ಕೆರೆಯ ಸುತ್ತ 30 ಮೀಟರ್ ಅಗಲದ ಪಟ್ಟಿಯೊಂದನ್ನು ನಕ್ಷೆಯಲ್ಲಿ ಗುರುತಿಸಿ, ಅದರೊಳಗೆ ಎಷ್ಟು ಕಟ್ಟಡಗಳಿವೆ ಎಂದು ಎಣಿಸಬೇಕು ಎಂದುಕೊಳ್ಳಿ. ಇದಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಉಚಿತವಾಗಿ ಸಿಗುವ, ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳಿವೆ. ಅವುಗಳಲ್ಲಿ ಹಳೆಯದೂ ಶಕ್ತಿಶಾಲಿಯೂ ಆದದ್ದು ಗ್ರಾಸ್ ಜಿಐಎಸ್. ಆದರೆ ಬಹಳ ವರ್ಷ ಇದನ್ನು ಮೊದಲ ಸಲ ತೆರೆದವರ ಕಣ್ಣಿಗೆ ಬೀಳುತ್ತಿದ್ದುದು ನಕ್ಷೆಯಲ್ಲ, ಮೂರು ಪ್ರಶ್ನೆಗಳು. ಅವಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿರಲಿಲ್ಲ.

ಹೀಗೆ ಬಾಗಿಲಲ್ಲೇ ನಿಂತವರು ಸಾಮಾನ್ಯವಾಗಿ ಹೇಳುವ ಮಾತು: “ಇದು ನಮ್ಮಂಥವರಿಗಲ್ಲ, ಪರಿಣತರಿಗೆ.” ಇದು ನಿಜವೇ? ಆ ಪರದೆಯ ಕತೆ ತಿಳಿದರೆ, ತೊಂದರೆ ಬಳಕೆದಾರರ ಬುದ್ಧಿಯಲ್ಲಿರಲಿಲ್ಲ, ಪ್ರಶ್ನೆ ಕೇಳಿದ ಹೊತ್ತಿನಲ್ಲಿತ್ತು ಎಂಬುದು ಗೊತ್ತಾಗುತ್ತದೆ.

ಆ ಮೂರು ಪ್ರಶ್ನೆಗಳು ಯಾವುವು?

ಗ್ರಾಸ್‌ನ ಏಳನೇ ಆವೃತ್ತಿಯವರೆಗಿನ ಆರಂಭ ಪರದೆ ಕೇಳುತ್ತಿದ್ದುದು ಇಷ್ಟು: ದತ್ತಾಂಶವನ್ನೆಲ್ಲ ಇಡುವ ಫೋಲ್ಡರ್ ಯಾವುದು? ಅದರೊಳಗೆ ಯಾವ ‘ಲೊಕೇಶನ್’? ಆ ಲೊಕೇಶನ್ ಒಳಗೆ ಯಾವ ‘ಮ್ಯಾಪ್‌ಸೆಟ್’?

ಮೊದಲನೆಯದು ಹೇಗೋ ಅರ್ಥವಾದೀತು. ಎರಡನೆಯದೇ ಎಡವುವ ಕಲ್ಲು. ಲೊಕೇಶನ್ ಎಂದರೆ ಊರೋ ಜಿಲ್ಲೆಯೋ ಇರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಗ್ರಾಸ್‌ನಲ್ಲಿ ಅದರ ಅರ್ಥ ಬೇರೆ: ಒಂದೇ ನಿರ್ದೇಶಾಂಕ ಪದ್ಧತಿಯನ್ನು ಬಳಸುವ ನಕ್ಷೆಗಳ ಗುಂಪು. ಮ್ಯಾಪ್‌ಸೆಟ್ ಎಂದರೆ ಆ ಗುಂಪಿನೊಳಗೆ ಒಬ್ಬರು ಕೆಲಸ ಮಾಡುವ ಉಪವಿಭಾಗ. ಹೊಸ ಲೊಕೇಶನ್ ಮಾಡಲು ಹೊರಟರೆ ನಿರ್ದೇಶಾಂಕ ಪದ್ಧತಿಯನ್ನು ಆರಿಸಬೇಕು. ಅಂದರೆ, ನಕ್ಷಾಶಾಸ್ತ್ರದ ಪಾಠದಲ್ಲಿ ಕೆಲವು ವಾರಗಳ ನಂತರ ಬರುವ ವಿಷಯವನ್ನು ತಂತ್ರಾಂಶ ಮೊದಲ ನಿಮಿಷದಲ್ಲೇ ಕೇಳುತ್ತಿತ್ತು.

ಹೀಗೆ ಕೇಳಲು ಕಾರಣವೇನು?

ಗ್ರಾಸ್‌ನ ಕೆಲಸ ಶುರುವಾದದ್ದು 1982ರಲ್ಲಿ, ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿರುವ ಅಲ್ಲಿನ ಸೇನೆಯ ನಿರ್ಮಾಣ ಎಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯದಲ್ಲಿ. ಸೇನೆಯ ವಶದಲ್ಲಿದ್ದ ಭೂಮಿಯ ನಿರ್ವಹಣೆ ಅದರ ಮೂಲ ಉದ್ದೇಶ. ಆಗ ಒಂದೇ ಯುನಿಕ್ಸ್ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಒಬ್ಬರ ನಕ್ಷೆಯನ್ನು ಇನ್ನೊಬ್ಬರು ಓದಬಹುದು, ಆದರೆ ಅಳಿಸಬಾರದು. ಅದಕ್ಕೆ ಮ್ಯಾಪ್‌ಸೆಟ್ ವ್ಯವಸ್ಥೆ. ಬೇರೆ ಬೇರೆ ಅಳತೆಯ ನಕ್ಷೆಗಳು ಬೆರೆತು ಲೆಕ್ಕ ಕೆಡಬಾರದು. ಅದಕ್ಕೆ ಲೊಕೇಶನ್ ವ್ಯವಸ್ಥೆ. ಎರಡೂ ವಿವೇಕದ ನಿರ್ಧಾರಗಳೇ. 1999ರಲ್ಲಿ ಗ್ರಾಸ್ ಜಿಪಿಎಲ್ ಪರವಾನಗಿಯಡಿ ಬಂದು ಜಗತ್ತಿನ ವಿಶ್ವವಿದ್ಯಾಲಯಗಳಿಗೂ ಸ್ವಂತ ಲ್ಯಾಪ್‌ಟಾಪ್‌ಗಳಿಗೂ ಹರಡಿತು. ಬಳಸುವವರು ಬದಲಾದರೂ ಬಾಗಿಲ ಪ್ರಶ್ನೆಗಳು ಹಾಗೆಯೇ ಉಳಿದವು.

ನಿರ್ದೇಶಾಂಕ ಪದ್ಧತಿ ಅಷ್ಟು ಮುಖ್ಯವೇ?

ಹೌದು. ಭೂಮಿ ಗುಂಡಗಿದೆ, ಪರದೆ ಚಪ್ಪಟೆ. ಒಂದು ಜಾಗವನ್ನು ಅಕ್ಷಾಂಶ, ರೇಖಾಂಶಗಳ ಡಿಗ್ರಿಯಲ್ಲಿ ಹೇಳಬಹುದು. ಮೊಬೈಲಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಪದ್ಧತಿಯಲ್ಲಿ ಹೀಗೆಯೇ ಹೇಳುತ್ತಾರೆ. ಇಲ್ಲವೇ ಭೂಮಿಯ ಒಂದು ಪಟ್ಟಿಯನ್ನು ಚಪ್ಪಟೆ ಮಾಡಿ ಮೀಟರುಗಳಲ್ಲಿ ಅಳೆಯಬಹುದು. ಯುಟಿಎಂ ಪದ್ಧತಿ ಈ ಬಗೆಯದು. ಅದರಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ವಿಂಗಡಿಸಲಾಗಿದೆ. ಕರ್ನಾಟಕದ ಬಹುಭಾಗ 43ನೇ ವಲಯದಲ್ಲಿದೆ. 78 ಡಿಗ್ರಿ ಪೂರ್ವ ರೇಖಾಂಶದಾಚೆಗಿರುವ ಕೋಲಾರ, ಮುಳಬಾಗಿಲು 44ನೇ ವಲಯಕ್ಕೆ ಸೇರುತ್ತವೆ.

ಈಗ ಕೆರೆಗೆ ಮರಳೋಣ. ಗ್ರಾಸ್‌ನ ಕೆಲವು ಸಲಕರಣೆಗಳು ದೂರವನ್ನು ನಕ್ಷೆಯದೇ ಅಳತೆಯಲ್ಲಿ ಕೇಳುತ್ತವೆ. ಯುಟಿಎಂ ನಕ್ಷೆಯಲ್ಲಿ 30 ಎಂದು ಬರೆದರೆ 30 ಮೀಟರ್. ಅದೇ ಸಂಖ್ಯೆಯನ್ನು ಡಿಗ್ರಿಯ ನಕ್ಷೆಯಲ್ಲಿ ಬರೆದರೆ 30 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ. ಆದ್ದರಿಂದ ಕೆರೆಯಂಚಿನ ಪಟ್ಟಿ 3,300 ಕಿ.ಮೀ.ಗೂ ಹೆಚ್ಚು ಅಗಲವಾಗಿ, ಇಡೀ ಭಾರತವನ್ನೇ ನುಂಗುತ್ತದೆ! ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ. ಸಣ್ಣ ತಪ್ಪುಗಳು ಬೀಳುವುದಿಲ್ಲ. ಅವು ನೇರವಾಗಿ ವರದಿಯೊಳಗೆ ಸೇರುತ್ತವೆ.

ಹಾಗಾಗಿ ಆ ಪ್ರಶ್ನೆಯನ್ನು ಕಿತ್ತುಹಾಕುವಂತಿಲ್ಲ. ಕೇಳುವ ಹೊತ್ತನ್ನು ಬದಲಿಸಬಹುದು, ಅಷ್ಟೇ.

ಪರಿಹಾರ ಹೇಗೆ ಬಂತು?

2022ರಲ್ಲಿ ಬಿಡುಗಡೆಯಾದ ಗ್ರಾಸ್ 8.0 ಆವೃತ್ತಿಯಲ್ಲಿ ಆರಂಭ ಪರದೆಯನ್ನೇ ತೆಗೆಯಲಾಯಿತು. ತಂತ್ರಾಂಶ ಈಗ ನೇರವಾಗಿ ತೆರೆದುಕೊಳ್ಳುತ್ತದೆ. ಅದರಲ್ಲಿ ಗಮನಿಸಬೇಕಾದ ಅಂಶಗಳಿವು:

ಸಿದ್ಧ ಉತ್ತರ: ಮೊದಲ ಸಲ ತೆರೆದಾಗ ದತ್ತಾಂಶದ ಫೋಲ್ಡರನ್ನೂ ಡಬ್ಲ್ಯುಜಿಎಸ್ 84 ಪದ್ಧತಿಯ ಒಂದು ಲೊಕೇಶನನ್ನೂ ತಂತ್ರಾಂಶ ತಾನೇ ಸಿದ್ಧಪಡಿಸುತ್ತದೆ.

ಎಲ್ಲಿದ್ದೀರಿ ಎಂಬ ಸೂಚನೆ: ನೀವು ಈಗ ಯಾವ ಪದ್ಧತಿಯಲ್ಲಿದ್ದೀರಿ, ನಿಮ್ಮ ಪ್ರದೇಶಕ್ಕೆ ಹೊಂದುವ ಬೇರೆ ಪದ್ಧತಿಯಲ್ಲಿ ಹೊಸದೊಂದನ್ನು ಮಾಡಿಕೊಳ್ಳುವುದು ಏಕೆ ಒಳ್ಳೆಯದು ಎಂದು ಒಂದು ಪಟ್ಟಿ ತಿಳಿಸುತ್ತದೆ. ಮಾಡಿಕೊಳ್ಳುವ ಗುಂಡಿಯೂ ಅಲ್ಲೇ ಇದೆ. ಪಟ್ಟಿಯನ್ನು ಮುಚ್ಚಿ ಮುಂದೆ ಹೋಗಲೂಬಹುದು.

ನೆನಪು: ಮುಂದಿನ ಸಲ ತೆರೆದಾಗ ಕೊನೆಯ ಬಾರಿ ಕೆಲಸ ನಿಲ್ಲಿಸಿದ ಜಾಗಕ್ಕೇ ಒಯ್ಯುತ್ತದೆ.

ಕಣ್ಣೆದುರಿನ ಪಟ್ಟಿ: ಫೋಲ್ಡರ್, ಲೊಕೇಶನ್, ಮ್ಯಾಪ್‌ಸೆಟ್, ನಕ್ಷೆಗಳೆಲ್ಲ ಒಂದರೊಳಗೊಂದಾಗಿ ಒಂದೇ ಫಲಕದಲ್ಲಿ ಕಾಣುತ್ತವೆ. ಹೆಸರುಗಳ ಅರ್ಥ ಕಂಠಪಾಠ ಮಾಡಬೇಕಿಲ್ಲ, ನೋಡುತ್ತ ತಿಳಿಯುತ್ತದೆ.

2024ರ 8.4 ಆವೃತ್ತಿಯಲ್ಲಿ ಇನ್ನೂ ಒಂದು ಹೆಜ್ಜೆ: ಗೊಂದಲದ ‘ಲೊಕೇಶನ್’ ಎಂಬ ಹೆಸರು ಹೋಗಿ ‘ಪ್ರಾಜೆಕ್ಟ್’ ಬಂತು.

ಮತ್ತೊಂದು ಪ್ರಸಿದ್ಧ ಮುಕ್ತ ತಂತ್ರಾಂಶವಾದ ಕ್ಯೂಜಿಐಎಸ್ ಇದೇ ಸಮಸ್ಯೆಗೆ ಬೇರೆ ದಾರಿ ಹಿಡಿದಿದೆ. ಅದರ ಸ್ವಾಗತ ಪುಟದಲ್ಲಿ ಇತ್ತೀಚಿನ ಕೆಲಸಗಳ ಪಟ್ಟಿ ಇರುತ್ತದೆ. ಹೊಸ ಕೆಲಸ ಶುರುಮಾಡಿದರೆ, ನೀವು ಮೊದಲು ಸೇರಿಸುವ ನಕ್ಷೆಯ ಪದ್ಧತಿಯನ್ನೇ ಅದು ಸಾಮಾನ್ಯವಾಗಿ ಎತ್ತಿಕೊಳ್ಳುತ್ತದೆ. ಬೇರೆ ಪದ್ಧತಿಯ ನಕ್ಷೆ ಸೇರಿಸಿದರೆ ತಾನೇ ಹೊಂದಿಸಿ ತೋರಿಸುತ್ತದೆ. ಇದು ಹೊಸಬರಿಗೆ ಸಲೀಸು. ಆದರೆ ನಕ್ಷೆಗಳು ಪರದೆಯ ಮೇಲೆ ಸರಿಯಾಗಿ ಕೂತಿವೆ ಎಂದರೆ ಎಲ್ಲವೂ ಒಂದೇ ಪದ್ಧತಿಯಲ್ಲಿವೆ ಎಂದಲ್ಲ. ಅಳತೆಗೆ ಮುನ್ನ ನೋಡಿಕೊಳ್ಳುವ ಹೊಣೆ ಬಳಸುವವರದೇ.

ಸರಳವಾದರೆ ಶಕ್ತಿ ಕುಂದುತ್ತದೆಯೇ?

ಇದೊಂದು ತಪ್ಪು ಕಲ್ಪನೆ. ಗ್ರಾಸ್‌ನಲ್ಲಿ ಲೊಕೇಶನ್, ಮ್ಯಾಪ್‌ಸೆಟ್ ವ್ಯವಸ್ಥೆ ಈಗಲೂ ಇದೆ. ಪದ್ಧತಿ ಹೊಂದದ ನಕ್ಷೆಯನ್ನು ನೇರವಾಗಿ ಒಳಕ್ಕೆ ಬಿಟ್ಟುಕೊಳ್ಳದೆ, ಪರಿವರ್ತಿಸಿ ತರುವ ಸಲಕರಣೆಗಳನ್ನು ಅದು ಒದಗಿಸುತ್ತದೆ. ಆದೇಶ ಸಾಲಿನಿಂದ ನೇರವಾಗಿ ತಮಗೆ ಬೇಕಾದ ಮ್ಯಾಪ್‌ಸೆಟ್ ತೆರೆಯುವ ಪರಿಣತರ ದಾರಿಯೂ ಉಳಿದಿದೆ. ಹೋದದ್ದು ಬಾಗಿಲಿನ ಅಡ್ಡಿ ಮಾತ್ರ.

ಆದರೂ ಸಿದ್ಧ ಉತ್ತರಕ್ಕೆ ಒಂದು ಅಪಾಯವಿದೆ. ಅದನ್ನೇ ಸರಿಯಾದ ಉತ್ತರ ಎಂದು ನಂಬಿ ಅಲ್ಲೇ ಉಳಿದುಬಿಡಬಹುದು. ಸೂಚನೆಯ ಪಟ್ಟಿಯನ್ನು ಓದದೆ ಮುಚ್ಚಿದವರು ಡಿಗ್ರಿಯ ನಕ್ಷೆಯಲ್ಲೇ ‘30’ ಎಂದು ಬರೆದಾರು. ಅದಕ್ಕೇ ಒಳ್ಳೆಯ ಆರಂಭಕ್ಕೆ ಎರಡು ಗುಣ ಬೇಕು: ಒಳಗೆ ಬಿಡಬೇಕು, ಒಳಗೆ ಬಂದವರಿಗೆ ಎಲ್ಲಿ ನಿಂತಿದ್ದಾರೆಂದು ಹೇಳುತ್ತಲೂ ಇರಬೇಕು.

ಒಟ್ಟಿನಲ್ಲಿ

ಮೊದಲ ಪರದೆ ಅರ್ಥವಾಗದಿದ್ದರೆ ನಿಮ್ಮನ್ನು ನೀವು ದಡ್ಡರೆಂದು ತಿಳಿಯಬೇಡಿ. ನಕ್ಷೆ ತಂತ್ರಾಂಶ ಕಲಿಯುವವರು ಮೂರು ಅಭ್ಯಾಸ ಇಟ್ಟುಕೊಂಡರೆ ಸಾಕು: ಹೊಸ ಆವೃತ್ತಿಯನ್ನೇ ಬಳಸಿ, ದೂರ ಅಥವಾ ವಿಸ್ತೀರ್ಣ ಅಳೆಯುವ ಮೊದಲು ನಕ್ಷೆಯ ಅಳತೆ ಡಿಗ್ರಿಯೋ ಮೀಟರೋ ನೋಡಿ, ಬಂದ ಉತ್ತರವನ್ನು ನಿಮಗೆ ಗೊತ್ತಿರುವ ಒಂದು ದೂರದೊಂದಿಗೆ ಹೋಲಿಸಿ. ಕೆರೆ ಏರಿಯ ಉದ್ದ ನಿಮಗೆ ಗೊತ್ತಿದ್ದರೆ, ನಕ್ಷೆ ಸರಿ ಹೇಳುತ್ತಿದೆಯೋ ಇಲ್ಲವೋ ಎಂಬುದನ್ನು ನೀವೇ ಪರೀಕ್ಷಿಸಬಹುದು.