ತಡೆಯೋ ಸೆರೆಯೋ: ಸ್ತನ ಕ್ಯಾನ್ಸರ್‌ನಲ್ಲಿ ಪಾರ್ಪ್ ಪ್ರತಿಬಂಧಕಗಳ ಕಾರ್ಯವಿಧಾನ

ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಿಣ್ವ ಪ್ರತಿಬಂಧಕಗಳಿಗೆ, ಅಂದರೆ ನಿರ್ದಿಷ್ಟ ಕಿಣ್ವವೊಂದರ ಕೆಲಸವನ್ನು ತಡೆಯುವ ಅಣುಗಳಿಗೆ, ಇರುವ ಸ್ಥಾನ ಈಗ ನಿರ್ವಿವಾದ. ಈಸ್ಟ್ರೋಜನ್ ತಯಾರಿಸುವ ಅರೋಮಟೇಸ್ ಕಿಣ್ವವನ್ನು ತಡೆಯುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ಗಳ ಬಗ್ಗೆ ಮತ್ತೆ ವಾದಿಸಬೇಕಿಲ್ಲ. ಡಿಎನ್‌ಎ ದುರಸ್ತಿಗೆ ನೆರವಾಗುವ ಪಾರ್ಪ್ ಕಿಣ್ವದ ಪ್ರತಿಬಂಧಕಗಳು ಕ್ಯಾನ್ಸರ್ ಕೋಶವನ್ನು ಯಾವ ಬಗೆಯಲ್ಲಿ ಕೊಲ್ಲುತ್ತವೆ ಎಂಬುದು ಮಾತ್ರ ಇನ್ನೂ ಚರ್ಚೆಯಲ್ಲಿದೆ.

2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಎರಡು ಲೇಖನಗಳ ವಿವರಣೆ ಸರಳವಾಗಿತ್ತು: ಪಾರ್ಪ್ ತಡೆಗೊಂಡಾಗ ಡಿಎನ್‌ಎಯ ಒಂಟಿ ಎಳೆಯ ಬಿರುಕುಗಳು ದುರಸ್ತಿಯಾಗದೆ ಉಳಿದು, ಕೋಶ ವಿಭಜನೆಗೆ ಅಣಿಯಾಗುವಾಗ ಎರಡೂ ಎಳೆಗಳ ಮುರಿತವಾಗಿ ಬದಲಾಗುತ್ತವೆ, ಅದನ್ನು ಸರಿಪಡಿಸುವ ಬಿಆರ್‌ಸಿಎ ಜೀನ್ ಕೆಟ್ಟಿರುವ ಕೋಶ ಸಾಯುತ್ತದೆ. 2012ರಲ್ಲಿ ಸಂಶೋಧಕರಾದ ಮುರಾಯ್, ಪೊಮ್ಮಿಯೆ ಮತ್ತು ಸಂಗಡಿಗರು ಇದನ್ನು ಪ್ರಶ್ನಿಸಿದರು. ಪ್ರತಿಬಂಧಕವು ಕಿಣ್ವವನ್ನು ಡಿಎನ್‌ಎ ಮೇಲೆಯೇ ಸೆರೆಹಿಡಿಯುತ್ತದೆ, ಆ ಸೆರೆಯೇ ಮಾರಕ ಗಾಯ ಎಂಬುದು ಅವರ ವಾದ. ಈ ಕಿಣ್ವದ ಮುಖ್ಯ ರೂಪವಾದ ಪಾರ್ಪ್-1 ಇಲ್ಲದ ಕೋಶಗಳಿಗೆ ಪಾರ್ಪ್ ಪ್ರತಿಬಂಧಕವಾದ ಓಲಾಪರಿಬ್ ಹಾನಿ ಮಾಡದಿದ್ದುದು ಅವರ ಬಲವಾದ ಸಾಕ್ಷ್ಯ.

ಈ ಸಾಕ್ಷ್ಯ ಸೆರೆಯ ಮಹತ್ವವನ್ನು ಸ್ಥಾಪಿಸುತ್ತದೆಯೇ ಹೊರತು ಹಳೆಯ ವಿವರಣೆಯನ್ನು ರದ್ದುಪಡಿಸುವುದಿಲ್ಲ. ಔಷಧವಿಲ್ಲದೆ, ಆರ್‌ಎನ್‌ಎ ತಂತ್ರದಿಂದ ಪಾರ್ಪ್-1ರ ಪ್ರಮಾಣವನ್ನೇ ಕುಗ್ಗಿಸಿದಾಗಲೂ ಬಿಆರ್‌ಸಿಎ ಕೆಟ್ಟ ಕೋಶಗಳು ನಲುಗುವುದನ್ನು 2005ರ ಪ್ರಯೋಗಗಳೇ ತೋರಿಸಿದ್ದವು. ಅಲ್ಲಿ ಸೆರೆಹಿಡಿಯುವ ಅಣುವೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಇನ್ನೊಂದು ಪಾರ್ಪ್ ಪ್ರತಿಬಂಧಕವಾದ ಟಾಲಜೋಪರಿಬ್‌ನ ಸೆರೆಹಿಡಿಯುವ ಶಕ್ತಿ ಓಲಾಪರಿಬ್‌ಗಿಂತ ಸುಮಾರು 100 ಪಟ್ಟು ಹೆಚ್ಚು. ಆದರೆ ಬಿಆರ್‌ಸಿಎ ದೋಷ ಅನುವಂಶಿಕವಾಗಿ ಬಂದ ರೋಗಿಗಳಲ್ಲಿ ರೋಗ ಉಲ್ಬಣಿಸದೆ ಉಳಿದ ಮಧ್ಯಾಂಕ ಅವಧಿ, ಕಿಮೊಥೆರಪಿಗೆ ಹೋಲಿಸಿದಾಗ, ಓಲಾಪರಿಬ್‌ನಲ್ಲಿ 4.2ರಿಂದ 7.0 ತಿಂಗಳಿಗೂ ಟಾಲಜೋಪರಿಬ್‌ನಲ್ಲಿ 5.6ರಿಂದ 8.6 ತಿಂಗಳಿಗೂ ಏರಿತು. ಗಳಿಕೆ ಹತ್ತಿರ ಹತ್ತಿರ ಒಂದೇ. ಇವು ಬೇರೆ ಬೇರೆ ಪ್ರಯೋಗಗಳಾದ್ದರಿಂದ ನೇರ ಹೋಲಿಕೆ ಸಲ್ಲದು. ಟಾಲಜೋಪರಿಬ್‌ನ ದಿನದ ಪ್ರಮಾಣ 1 ಮಿಲಿಗ್ರಾಂ, ಓಲಾಪರಿಬ್‌ನದು 600 ಎಂಬುದನ್ನೂ ಮರೆಯುವಂತಿಲ್ಲ. ಇಷ್ಟು ಎಚ್ಚರದೊಂದಿಗೆ ಹೇಳಬಹುದಾದುದು: ಸೆರೆಯ ಶಕ್ತಿ ಔಷಧದ ಪ್ರಮಾಣವನ್ನು ನಿರ್ಧರಿಸುತ್ತದೆ, ಚಿಕಿತ್ಸೆಯ ಫಲವನ್ನು ಅದೊಂದೇ ನಿರ್ಧರಿಸುವಂತೆ ಕಾಣುವುದಿಲ್ಲ.

ಈ ಜಿಜ್ಞಾಸೆ ಪ್ರಯೋಗಾಲಯದೊಳಗೇ ಮುಗಿಯುವಂಥದಲ್ಲ. ಪಾರ್ಪ್ ಪ್ರತಿಬಂಧಕವೆಂದು ನಂಬಿ ರೋಗಿಗಳಿಗೆ ಕೊಟ್ಟ ಇನಿಪರಿಬ್ 2011ರಲ್ಲಿ ಮೂರನೆಯ ಹಂತದ ಪ್ರಯೋಗದಲ್ಲಿ ಸೋತಿತು. ಅದು ಕೋಶದೊಳಗೆ ಪಾರ್ಪ್ ಅನ್ನು ಸರಿಯಾಗಿ ತಡೆಯುವುದೇ ಇಲ್ಲವೆಂದು ಖಚಿತವಾದದ್ದು ಆಮೇಲೆ. ಆ ಸೋಲನ್ನು ಪಾರ್ಪ್ ಸಿದ್ಧಾಂತದ ಸೋಲೆಂದು ಓದಿದ್ದು ತಪ್ಪಾಗಿತ್ತು.

ಪಾರ್ಪ್ ಪ್ರತಿಬಂಧಕಗಳು ರಕ್ತಕಣಗಳ ಮೇಲೆ ಬೀರುವ ದುಷ್ಪರಿಣಾಮದಲ್ಲಿ ಪಾರ್ಪ್-1ರ ಸೋದರ ಕಿಣ್ವವಾದ ಪಾರ್ಪ್-2ರ ಸೆರೆಯ ಪಾಲೆಷ್ಟು ಎಂಬ ಪ್ರಶ್ನೆ ತೆರೆದೇ ಇದೆ. ಪಾರ್ಪ್-1 ಅನ್ನೇ ಆಯ್ದು ಹಿಡಿಯುವ ಸರುಪರಿಬ್‌ನಂಥ ಅಣುಗಳ ಅಧ್ಯಯನ ಅದನ್ನು ಒಂದಿಷ್ಟು ಸ್ಪಷ್ಟಗೊಳಿಸಬಹುದು.